ಮ್ಯಾನೇಜರು ಬರೆದ ಶಿಫಾರಸು ಪತ್ರ

ಹೊಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಏಳು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಲಾರಿಗಳಿಗೆ ಬೇಕಾದ ಶಾಫ್ಟುಗಳನ್ನು ತಯಾರಿಸುತ್ತಿದ್ದೆವು. ಅಳತೆ ಸರಿಯಿದೆ ಎಂದು ಯಾರೋ ಬರೆದುಕೊಟ್ಟ ಹಾಳೆಯನ್ನು ನಂಬದಿರುವುದೇ ನನ್ನ ಕೆಲಸ. ಮನೆಯಲ್ಲೂ ಆ ಬುದ್ಧಿ ಬಿಡುತ್ತಿರಲಿಲ್ಲ. ಹಾಲು ಕಾಯಿಸಿದ್ದೇನೆಂದು ಅಮ್ಮ ಹೇಳಿದರೂ ಪಾತ್ರೆ ಮುಟ್ಟಿ ನೋಡುತ್ತಿದ್ದೆ.

ಒಂದು ದಿನ ಇಪ್ಪತ್ತು ಶಾಫ್ಟುಗಳ ಹಾಳೆಯಲ್ಲಿ ಇಪ್ಪತ್ತೂ ಅಂಕಿ ಒಂದೇ ಆಗಿದ್ದವು. ಯಾರೂ ಅಳೆದಿಲ್ಲ, ಕೂತಲ್ಲೇ ತುಂಬಿದ್ದಾರೆ. ಗೇಟಿನಲ್ಲಿ ಲಾರಿ ಕಾಯುತ್ತಿತ್ತು. ನಾನು ಸಹಿ ಹಾಕಲಿಲ್ಲ. ಹತ್ತಿರದ ಬೇರಿಕೆ ಊರಿನ ಕಡೆಯವರಾದ, ಲೇತ್ ಮಷೀನಿನ ಕೆಲಸದಿಂದ ಮೇಲೆ ಬಂದ ನಮ್ಮ ಮ್ಯಾನೇಜರು ಎಲ್ಲರೆದುರು ನನ್ನ ಮೇಲೆ ಕೂಗಾಡಿದರು. ಮತ್ತೆ ಅಳೆಸಿದಾಗ ಮೂರು ಶಾಫ್ಟು ದಪ್ಪ ಬಂದವು. ಅವರು ಆ ಮೂರನ್ನು ಪಕ್ಕಕ್ಕೆ ಇಡಿಸಿ ಹೊರಟುಹೋದರು.

ಹಾಳೆ ಸುಳ್ಳೆಂದು ಅಲ್ಲಿ ನಿಂತಿದ್ದ ಐದಾರು ಜನಕ್ಕೂ ಗೊತ್ತಿತ್ತು. ಗೊತ್ತಿದ್ದವರು ಯಾಕೆ ಬಾಯಿಬಿಡಲಿಲ್ಲ? ನಾನು ಓದಿದ ಇಂಜಿನಿಯರಿಂಗ್‌ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಇಂಥದ್ದರ ಮೇಲೆಯೇ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಪಿಎಚ್‌ಡಿ ಮಾಡಬಹುದೆಂದು ತಿಳಿದಾಗ ಎರಡು ಕಡೆ ಅರ್ಜಿ ಹಾಕಲು ನಿರ್ಧರಿಸಿದೆ. ಮೇಲಧಿಕಾರಿಯ ಶಿಫಾರಸು ಪತ್ರ ಬೇಕಿತ್ತು. ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ.

"ಮ್ಯಾನೇಜ್‌ಮೆಂಟಲ್ಲಿ ಪಿಎಚ್‌ಡಿನಾ?" ಕನ್ನಡಕದ ಮೇಲಿಂದ ನೋಡಿದರು. "ಎಂಬಿಎ ಅಂದಿದ್ರೆ ನಂಬ್ತಿದ್ದೆ. ನಿಜ ಹೇಳ್ಬುಡಮ್ಮ, ಯಾವ ಕಂಪ್ನಿಯೋರು ಕರ್ದವ್ರೆ?"

"ಯಾರೂ ಕರ್ದಿಲ್ಲ ಸಾರ್. ಓದಕ್ಕೇ ಹೋಗ್ತಿರೋದು."

"ಸರಿ, ಬರೀತೀನಿ."

ನಾನು ಒಯ್ದಿದ್ದ ಮಾದರಿ ಪತ್ರವನ್ನು ಅವರು ಮುಟ್ಟಲಿಲ್ಲ. ಅವರ ಪತ್ರ ನೇರವಾಗಿ ಸಂಸ್ಥೆಗೆ ಹೋಗುತ್ತದೆ, ನಾನು ನೋಡುವಂತಿಲ್ಲ. ಮರುವಾರ ಕಂಪನಿ ಕೊಟ್ಟ ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಕೆಲಸ ಮಾಡಲಿಲ್ಲ. "ಮೇಲಿಂದ ಆರ್ಡರ್ ಮೇಡಂ" ಅಂದ ಐಟಿಯವನು. ನಾನು ಕ್ಯಾಂಟೀನಿಗೆ ಹೋದರೆ ಮ್ಯಾನೇಜರು ಕೂತ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಶಾಫ್ಟಿನ ಸಿಟ್ಟನ್ನೆಲ್ಲ ಪತ್ರದಲ್ಲಿ ತೀರಿಸಿದ್ದಾರೆ ಎಂದುಕೊಂಡೆ. ಅವರಿಗೆ ತಿಳಿಸದೆ, ಪರ್ಚೇಸ್ ವಿಭಾಗದ ಹಿರಿಯರೊಬ್ಬರಿಂದ ಇನ್ನೊಂದು ಪತ್ರ ಬರೆಸಿ ಕಳಿಸಿದೆ.

ಪಿಎಚ್‌ಡಿ ಮಾಡುವವರಿಗೆ ಸಂಸ್ಥೆಯೇ ವಿದ್ಯಾರ್ಥಿವೇತನ ಕೊಡುತ್ತದೆ ಎಂದು ಕೇಳಿದ ಅಮ್ಮನ ಅನುಮಾನವೇ ಬೇರೆ. "ಓದೋರ್ಗೆ ಅವ್ರೇ ತಿಂಗ್ಳ್ ತಿಂಗ್ಳ್ ದುಡ್ಡು ಕೊಡ್ತಾರಾ? ಯಾವನೋ ಟೋಪಿ ಹಾಕ್ತಾವ್ನೆ, ನೋಡ್ಕೊ."

ಒಂದು ಸಂಸ್ಥೆ ಸಂದರ್ಶನಕ್ಕೂ ಕರೆಯಲಿಲ್ಲ. ಇನ್ನೊಂದು ಬೆಂಗಳೂರಿಗೆ ಕರೆಯಿತು. ಮೂವರು ಪ್ರಾಧ್ಯಾಪಕರಿದ್ದರು. "ಕಾರ್ಖಾನೆ ಬೇಜಾರಾಗಿ ಇಲ್ಲಿಗೆ ಬರ್ತಿದ್ದೀರಾ?" ಎಂಬುದೇ ಮೊದಲ ಪ್ರಶ್ನೆ. ನಾನು ಆ ಹಾಳೆಯ ಕಥೆ ಹೇಳಿದೆ. ಫೈಲು ನೋಡುತ್ತಿದ್ದ ಹಿರಿಯ ಮೇಡಂ ತಲೆಯೆತ್ತಿದರು.

"ಇದನ್ನ ಹೇಳಬಾರದು, ಆದರೂ ಕೇಳ್ತೀನಿ. ನಿಮ್ಮ ಮ್ಯಾನೇಜರೂ ಇದೇ ಘಟನೆ ಬರೆದಿದ್ದಾರೆ."

ಅವರು ಫೈಲಿನ ಒಂದು ಹಾಳೆ ತಿರುವಿದರು.

"ಹಾಳೆ ಸುಳ್ಳು ಅಂತ ತನಗೂ ಗೊತ್ತಿತ್ತು, ಲಾರಿ ಹೋದರೆ ಸಾಕು ಅಂತ ಸುಮ್ಮನಿದ್ದೆ ಅಂತ ಬರೆದಿದ್ದಾರೆ. ನಿಮಗೆ ಯಾವತ್ತಾದರೂ ಹೇಳಿದ್ರಾ?"

"ಇಲ್ಲ ಮೇಡಂ."

"ಯಾಕೆ ಹೇಳಿರಲಿಕ್ಕಿಲ್ಲ?"

"ನಾನು ಕೇಳಲೇ ಇಲ್ಲ" ಅಂದೆ.

ಸೀಟು ಸಿಕ್ಕಿತು. ಪ್ರವೇಶ ಪತ್ರ ಹಿಡಿದು ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ. ಎರಡು ಸಲ ಓದಿ, ಸೀಲಿನ ಮೇಲೆ ಬೆರಳಾಡಿಸಿ ನೋಡಿದರು. ತಡೆಯಲಾಗದೆ, ಬೆನ್ನ ಹಿಂದೆ ಇನ್ನೊಂದು ಪತ್ರ ಬರೆಸಿದ್ದನ್ನು ಹೇಳಿಬಿಟ್ಟೆ.

"ಗೊತ್ತಮ್ಮ. ಪರ್ಚೇಸಿನ ಆವಯ್ಯ ಅವತ್ತೇ ಹೇಳ್ದ," ಅಂದರು. "ನಾನೂ ನಿನ್ನ ಪೆನ್‌ಡ್ರೈವ್ ಬಂದ್ ಮಾಡಿಸ್ದೆ. ಡ್ರಾಯಿಂಗ್ ಎಲ್ಲಾ ಎತ್ಕೊಂಡು ಬೇರೆ ಕಂಪ್ನಿಗೆ ಹೋಗ್ಬುಟ್ರೆ ಅಂತ."

ಇಬ್ಬರಿಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

ಈಗ ಸಂಶೋಧನೆಗಾಗಿ ಬೇರೆ ಬೇರೆ ಕಾರ್ಖಾನೆಗಳ ಕೆಲಸಗಾರರನ್ನು ಮಾತಾಡಿಸುತ್ತೇನೆ. ನಾನು ಟಿಪ್ಪಣಿ ಪುಸ್ತಕ ತೆರೆದ ಕೂಡಲೇ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೊನ್ನೆ ಒಬ್ಬರು ನೇರವಾಗಿ ಕೇಳಿದರು: "ನಿಮ್ಮನ್ನ ಮ್ಯಾನೇಜ್‌ಮೆಂಟ್ನೋರು ಕಳ್ಸವ್ರಾ?" ಪುಸ್ತಕ ಮುಚ್ಚಿ ಅವರ ಪಕ್ಕದಲ್ಲಿ ಕೂತು ಟೀ ಕುಡಿದು ಬಂದೆ. ಅವತ್ತು ಏನನ್ನೂ ಬರೆದುಕೊಳ್ಳಲಿಲ್ಲ.