ಸೊಪ್ಪಿನ ಕೋಣೆಯಲ್ಲಿಟ್ಟ ಚಾರ್ಜರ್

ರೇಷ್ಮೆ ಹುಳು ಸತ್ತದ್ದು ನನ್ನಿಂದ. ಅತ್ತಿಗೆಯ ಕೈಯಿಂದಲ್ಲ, ಅವರ ಮೈಲಿಗೆಯಿಂದಲ್ಲ, ಯಾವ ದೇವರ ಮುನಿಸಿನಿಂದಲೂ ಅಲ್ಲ — ನಾನು ಆರಿಸಿ ತಂದ ಒಂದು ಬ್ಯಾಟರಿ ಚಾರ್ಜರಿನಿಂದ. ಇದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲ ಎನ್ನುವುದೂ ಅರ್ಧ ಸತ್ಯವೇ — ಬಾಯಿ ಬಿಟ್ಟೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ.

ಈಗ ಕನಕಪುರದಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇದೆ. ಟ್ರ್ಯಾಕ್ಟರಿನವರು, ಜೆಸಿಬಿಯವರು, ಕಾಂಕ್ರೀಟ್ ಮಿಕ್ಸರ್ ಇಟ್ಟುಕೊಂಡ ಮೇಸ್ತ್ರಿಗಳು ಬಂದು, "ಮಾದೇಶಣ್ಣ, ಯಾವ ಚಾರ್ಜರ್ ತಗಳ್ಳಾದು, ನೀನೇ ಹೇಳು" ಅನ್ನುತ್ತಾರೆ. ನಾನು ಕೂರಿಸಿಕೊಂಡು ಕೇಳುತ್ತೇನೆ. ನಿಮ್ಮ ಗಾಡಿಯದು ಹನ್ನೆರಡು ವೋಲ್ಟೋ ಇಪ್ಪತ್ತನಾಲ್ಕೋ? ನೀರು ಹಾಕುವ ಬ್ಯಾಟರಿಯೋ, ಮುಚ್ಚಿದ್ದೋ? ಅವಸರ ಎಷ್ಟಿದೆ? ಅವಸರ ಇದೆ ಅಂದವರಿಗೆ ದೊಡ್ಡದನ್ನು ಕೊಡುವುದಿಲ್ಲ. ತುಂಬಿದ ಮೇಲೆ ತಾನಾಗಿಯೇ ನಿಲ್ಲುವಂಥದ್ದನ್ನೇ ಕೊಡುತ್ತೇನೆ. ಎಲ್ಲಿಟ್ಟು ಚಾರ್ಜ್ ಮಾಡುತ್ತೀರಿ ಎಂದು ಕೊನೆಗೆ ಕೇಳುತ್ತೇನೆ. ಗಾಳಿಯಾಡುವ ಕಡೆ ಇಡಿ, ಹತ್ತಿರ ಬೆಂಕಿ ಬೇಡ, ತಿನ್ನುವ ಪದಾರ್ಥ ಬೇಡ ಎಂದು ಎರಡೆರಡು ಸಲ ಹೇಳುತ್ತೇನೆ. "ಬಲೇ ನಿಯತ್ತಿನ ಮನ್ಸ ಕಣ್ಲಾ" ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾ ಹೋಗುತ್ತಾರೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಏನು ಹೇಳುತ್ತಿದ್ದೆನೋ.

ನಮ್ಮೂರು ಕನಕಪುರದಿಂದ ಕಬ್ಬಾಳಿನ ಕಡೆ ಹೋಗುವ ದಾರಿಯಲ್ಲಿದೆ. ಅಣ್ಣ ಶಿವಣ್ಣನದು ರೇಷ್ಮೆ. ನನ್ನದು ಆಗ ಒಂದು ಹಳೆಯ ಜೆಸಿಬಿ — ಅಡಿಪಾಯ ತೋಡುವುದು, ಕೆರೆ ಹೂಳೆತ್ತುವುದು, ಕರೆದ ಕಡೆ ಹೋಗುವುದು. ಅಣ್ಣನ ಹೆಂಡತಿ ಸರ್ವಮಂಗಳ ಚನ್ನಪಟ್ಟಣದ ಕಡೆಯವರು, ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಯಾವ ಹುಳು ಜ್ವರಕ್ಕೆ ಕೂತಿದೆ, ಯಾವುದು ಎದ್ದಿದೆ ಎಂದು ಅತ್ತಿಗೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ಅವರು ಬಂದ ಮೇಲೆ ನಮ್ಮ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹೆಸರು ಮಾಡಿತು. "ನನ್ನ ಸೊಸೆ ಕೈಗುಣ" ಎಂದು ಅವ್ವ ಕಂಡಕಂಡವರ ಮುಂದೆಲ್ಲ ಹೊಗಳುತ್ತಿದ್ದಳು.

ಜೆಸಿಬಿಯ ಬ್ಯಾಟರಿ ಪದೇ ಪದೇ ಕೂತುಬಿಡುತ್ತಿತ್ತು. ಚಾರ್ಜರ್ ತರಲು ಹೋದಾಗ ಅಂಗಡಿಯವನು ಎರಡು ತೋರಿಸಿದ. ಒಂದು ಚಿಕ್ಕದು, ನಿಧಾನ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಇನ್ನೊಂದು ಚಕ್ರವಿರುವ ದೊಡ್ಡ ಪೆಟ್ಟಿಗೆ, ಮುಳ್ಳಿನ ಮೀಟರು, ಬೂಸ್ಟ್ ಎಂಬ ಕೆಂಪು ಸ್ವಿಚ್ಚು; ಒಂದೇ ಗಂಟೆಯಲ್ಲಿ ಗಾಡಿ ಎದ್ದು ನಿಲ್ಲುತ್ತದೆ. "ಇದರ ಮುಂದೆ ಒಬ್ಬ ಆಳು ನಿಂತಿರ್ಬೇಕು ಕಣಪ್ಪ, ಮರೆತ್ರೆ ಕುದಿಸಿಬುಡ್ತದೆ" ಎಂದು ಅವನು ಹೇಳಿಯೇ ಹೇಳಿದ. ನಾನು ನಕ್ಕೆ. ದೊಡ್ಡದನ್ನೇ ತಂದೆ. ಗಾಡಿ ದೊಡ್ಡದು, ಚಾರ್ಜರೂ ದೊಡ್ಡದಿರಬೇಕು — ಅಷ್ಟೇ ನನ್ನ ಲೆಕ್ಕಾಚಾರ. ಮನೆಯಲ್ಲಿ ಅದರ ಜೊತೆ ಬಂದಿದ್ದ ಹಾಳೆಯನ್ನು ಪಿಯುಸಿ ಓದಿದ್ದ ಅತ್ತಿಗೆ ಪೂರ್ತಿ ಓದಿ, "ತಾನೇ ನಿಲ್ಲಾದು ಇರ್ನಿಲ್ವಾ ಮಾದೇಶಪ್ಪ?" ಅಂದರು. ಹೆಂಗಸರಿಗೆ ಮೆಷೀನಿನ ವಿಷಯ ಯಾಕೆ ಎಂದುಕೊಂಡು ನಾನು ಉತ್ತರವನ್ನೂ ಕೊಡಲಿಲ್ಲ.

ಆ ಮಂಗಳವಾರ ಅಣ್ಣ ಅವ್ವನನ್ನು ಹರಕೆ ತೀರಿಸಲು ಕಬ್ಬಾಳಮ್ಮನ ಗುಡಿಗೆ ಕರೆದುಕೊಂಡು ಹೋದ. ಹುಳು ಕೊನೆಯ ಜ್ವರದಿಂದ ಎದ್ದು ಹಗಲೆಲ್ಲ ಮೇಯುತ್ತಿದ್ದ ಹೊತ್ತು. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಅತ್ತಿಗೆ ಹೊರಗಾಗಿ ಪಕ್ಕದ ಜಗಲಿಯಲ್ಲಿ ಕೂತಿದ್ದರು. ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡುವಂತಿಲ್ಲ ಎನ್ನುವುದು ನಮ್ಮಲ್ಲಿ ಹೇಳಿಕೊಡಬೇಕಾದ ಮಾತೂ ಅಲ್ಲ. ಹಾಗಾಗಿ ಅವತ್ತು ಸೊಪ್ಪು ಹಾಕುವ ಕೆಲಸ ನನ್ನದು. ಬೆಳಗಿನ ಸೊಪ್ಪು ಹಾಕಿದೆ. ಆಮೇಲೆ ಸತ್ತ ಬ್ಯಾಟರಿಯನ್ನು ಎತ್ತಿಕೊಂಡು ಬಂದು ಸೊಪ್ಪಿನ ಕೋಣೆಯಲ್ಲಿ ಚಾರ್ಜಿಗಿಟ್ಟೆ. ಹುಳುಮನೆಗೆ ಅಂಟಿಕೊಂಡ ಕೋಣೆ ಅದು, ಹಿಪ್ಪುನೇರಳೆ ಸೊಪ್ಪು ಬಾಡದಂತೆ ಬಾಗಿಲು ಮುಚ್ಚಿ, ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸಿಡುವ ಜಾಗ. ದಪ್ಪ ವೈರಿನ ಪ್ಲಗ್ಗು ಅಲ್ಲಿ ಮಾತ್ರ ಇತ್ತು. ಹುಳುವಿನ ಹತ್ತಿರ ಬೀಡಿ ಸೇದಿದವನೂ ಬರಬಾರದು ಅನ್ನುವ ಅಣ್ಣ ಮನೆಯಲ್ಲಿರಲಿಲ್ಲ. ಕೆಂಪು ಸ್ವಿಚ್ಚು ಒತ್ತಿದೆ.

ಒಂದು ಗಂಟೆ ಅದರ ಮುಂದೆ ಕೂರಬೇಕಾಗಿತ್ತು. ಕೂರಲಿಲ್ಲ. ಗಾಡಿಗೆ ಒಂದು ಹೋಸ್ ಪೈಪು ಬೇಕಿತ್ತು, ಕನಕಪುರಕ್ಕೆ ಹೊರಟೆ. ಹೊರಡುವಾಗ ಜಗಲಿಯ ಹತ್ತಿರ ನಿಂತು, "ಅತ್ತಿಗೆ, ಮಧ್ಯಾಹ್ನದ ಸೊಪ್ಪು ಒಸಿ ನೀವೇ ಹಾಕ್ಬುಡಿ" ಅಂದೆ.

"ನಾನು ಹೊರಗಾಗಿವ್ನಲ್ಲಪ್ಪ."

"ಯಾರು ನೋಡ್ತಾರೆ? ನಾನಂತೂ ಯಾರಿಗೂ ಹೇಳಕಿಲ್ಲ."

ಅವರು ಒಪ್ಪಿದ್ದು ನನ್ನ ಮಾತಿಗಲ್ಲ. ಹುಳು ಹಸಿದುಕೊಂಡಿರುತ್ತವಲ್ಲ ಎಂದು. ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರಂತೆ. ಒಂದೂವರೆಯ ಹೊತ್ತಿಗೆ ಫೋನ್ ಮಾಡಿದರು. ನಾನು ಹೋಟೆಲಿನಲ್ಲಿ ಗೆಳೆಯರ ಜೊತೆ ಕೂತಿದ್ದೆ.

"ಮಾದೇಶಪ್ಪ, ನಿನ್ ಬ್ಯಾಟ್ರಿ ಕುದೀತಾ ಐತೆ. ಮೊಟ್ಟೆ ಕೊಳೆತಂಗೆ ವಾಸ್ನೆ. ಆಫ್ ಮಾಡ್ಲಾ?"

"ಕೈ ಹಾಕ್ಬ್ಯಾಡಿ. ಅದು ಹಂಗೇನೇ."

"ಈ ಸೊಪ್ಪು ಹಾಕ್ಬೋದಾ?"

"ಹಾಕಿ ಹಾಕಿ, ಏನೂ ಆಗಕಿಲ್ಲ."

ಗೆಳೆಯರ ಎದುರು ಹೆಂಗಸಿನಿಂದ ಮೆಷೀನಿನ ಮಾತು ಕೇಳಿಸಿಕೊಳ್ಳುವುದು ನನಗೆ ಅವಮಾನವಾಗಿತ್ತು — ಅಷ್ಟಕ್ಕೇ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ನಾಲ್ಕಕ್ಕೆ ಮನೆಗೆ ಬಂದೆ. ಕೋಣೆಯ ಬಾಗಿಲು ತೆಗೆದರೆ ಕಣ್ಣು ಉರಿಯಿತು. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು, ಮುಚ್ಚಳಗಳು ಹಾರಿದ್ದವು, ಆಸಿಡ್ಡು ನೊರೆಯಾಗಿ ಸುತ್ತ ಸಿಡಿದಿತ್ತು. ಗೋಣಿಯ ಮೇಲೆ ತೂತು ತೂತು. ಕೆಳಗಿನ ಸೊಪ್ಪಿನ ಅಂಚುಗಳು ಸುಟ್ಟಂತೆ ಕಂದಿದ್ದವು. ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ಮಾಡಿದ್ದೇನು? ಬ್ಯಾಟರಿ ಹೊರಗೆ ಸಾಗಿಸಿದೆ, ನೆಲ ತೊಳೆದೆ, ಗೋಣಿಯನ್ನೂ ಉಳಿದ ಸೊಪ್ಪನ್ನೂ ಬೇಲಿಯಾಚೆ ಗುಂಡಿಗೆ ಹಾಕಿದೆ. ಒಬ್ಬ ಕೊಲೆಗಾರನಾದರೂ ಅಷ್ಟು ಶುಚಿಯಾಗಿ ತೊಳೆಯುತ್ತಿರಲಿಲ್ಲ. ಸಂಜೆ ಅಣ್ಣ ಬಂದು ಹೊಸ ಸೊಪ್ಪು ಕೊಯ್ದು ಹಾಕಿದ. ಹುಳು ತಿನ್ನಲಿಲ್ಲ.

ಬೆಳಗಾಗುವಷ್ಟರಲ್ಲಿ ಹಸಿರು ನೀರು ಕಕ್ಕಿಕೊಂಡು, ಮುದುಡಿಕೊಂಡು, ತಟ್ಟೆ ತಟ್ಟೆಯೇ ಸತ್ತು ಬಿದ್ದಿದ್ದವು. ಅವ್ವ ಅಂಗಳದಲ್ಲಿ ಕೂತು ಹೆಣ ಬಿದ್ದ ಮನೆಯಂತೆ ಅಳುತ್ತಿದ್ದಳು. ಅಕ್ಕಪಕ್ಕದವರು ಸೇರಿದ್ದರು. ಅಣ್ಣ ಹುಳುಮನೆಯಿಂದ ಹೊರಗೆ ಬಂದು ಎಲ್ಲರ ಮುಖ ನೋಡಿ ಕೇಳಿದ: "ನೆನ್ನೆ ಒಳಕ್ಕೆ ಯಾರ್ಯಾರು ಹೋಗಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

"ಅತ್ತಿಗೆ ಹೋಗಿದ್ರು" ಅಂದೆ. "ಹೊರಗಾಗಿದ್ರೂ ಹೋಗಿದ್ರು."

ಅತ್ತಿಗೆ ಜಗಲಿಯ ತುದಿಯಲ್ಲಿ ಎರಡು ವರ್ಷದ ಮಗಳನ್ನು ಹಿಡಿದುಕೊಂಡು ನಿಂತಿದ್ದರು. "ಅಲ್ಲಿ ಬ್ಯಾಟ್ರಿ ಕುದೀತಿತ್ತು..." ಅಂದರು, ಸಣ್ಣ ದನಿಯಲ್ಲಿ.

"ಬ್ಯಾಟ್ರಿನಾ ನಾನು ಹೋಗಕ್ ಮುಂಚೇನೇ ತೆಗ್ದಿದ್ನಲ್ಲ ಅತ್ತಿಗೆ."

ಅವರು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ನನ್ನ ಮಾತೇ ನಿಜವಿರಬಹುದೇನೋ, ತಾನೇ ಏನೋ ತಪ್ಪು ತಿಳಿದುಕೊಂಡೆನೇನೋ ಎನ್ನುವ ಹಾಗೆ ನೋಡಿದರು.

ಒಂದು ವಿಷಯದ ಅರ್ಥ ಮಾತ್ರ ನನಗೊಬ್ಬನಿಗೇ ಗೊತ್ತಿತ್ತು. ಬಾಗಿಲ ಪಕ್ಕದ ಒಂದು ಸಾಲಿನ ಹುಳು ಸಾಯಲಿಲ್ಲ. ಮಧ್ಯಾಹ್ನ ಕೋಣೆಯಿಂದ ತೆಗೆದಿಟ್ಟುಕೊಂಡಿದ್ದ ಸೊಪ್ಪು ಸಾಲದೆ, ವಾಸನೆಗೆ ಮತ್ತೆ ಆ ಕೋಣೆಗೆ ಹೋಗಲಾರದೆ, ಆ ಸಾಲಿಗೆ ಅತ್ತಿಗೆ ತೋಟದಿಂದ ನೇರವಾಗಿ ಕೊಯ್ದು ತಂದು ಹಾಕಿದ್ದರಂತೆ. ಅದೇ ಕೈ, ಬೇರೆ ಸೊಪ್ಪು. ಆ ಹುಳುಗಳು ಹಣ್ಣಾಗಿ ಗೂಡು ಕಟ್ಟಿದವು. ಇದೊಂದನ್ನು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಸುಳ್ಳು. ಮಾಡಿದವನು ನಾನು, ಉಂಡವರು ಅತ್ತಿಗೆ. ಅಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಕಡಿಮೆ ಮಾಡಿದ, ಅಷ್ಟೇ. ಹುಳುಮನೆಯ ಬಾಗಿಲು ಅವರಿಗೆ ಮುಚ್ಚಿತು. ಊರವರೂ ಕಲಿತರು — ಅವರು ಎದುರಿಗೆ ಬಂದರೆ "ನಮ್ ಹುಳ ಹಣ್ಣಾಗೈತೆ, ಈ ಕಡೆ ಬರಬ್ಯಾಡ ಕಣವ್ವ" ಅನ್ನತೊಡಗಿದರು. ಕೈಗುಣ ಎಂದು ಹೊಗಳಿದ್ದ ಅವ್ವ, ಹಾಸಿಗೆ ಹಿಡಿದ ಮೇಲೆ ಆ ಕೈಯಿಂದ ಗಂಜಿ ಕುಡಿಯಲು ಒಪ್ಪದೆ ನನ್ನ ಹೆಂಡತಿಯನ್ನು ಕನಕಪುರದಿಂದ ಕರೆಸಿಕೊಂಡಳು. ಅವ್ವ ಹೋದ ವರ್ಷ ಸತ್ತಳು. ಅವಳಿಗೆ ನಿಜ ಹೇಳುವ ಅವಕಾಶವನ್ನು ನಾನು ಅವಳ ಹಾಸಿಗೆಯ ಪಕ್ಕ ಕೂತು ಕೂತು ಕಳೆದೆ.

ಮತ್ತೆ ಅತ್ತಿಗೆಯ ಕೈ. ಅವರು ಕೈ ತೊಳೆಯುತ್ತಲೇ ಇರುತ್ತಾರೆ. ಅಡಿಗೆಗೆ ಮುಂಚೆ, ಆಮೇಲೆ, ಹಸು ಮುಟ್ಟುವ ಮುಂಚೆ, ಸುಮ್ಮನೆ ಕೂತಿದ್ದಾಗಲೂ ಎದ್ದು ಹೋಗಿ. ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತದೆ. ಡಾಕ್ಟರು ಮುಲಾಮು ಕೊಟ್ಟರು. ಅದನ್ನು ಹಚ್ಚಿಕೊಂಡು ಐದು ನಿಮಿಷಕ್ಕೆ ಅದನ್ನೂ ತೊಳೆದುಬಿಡುತ್ತಾರೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗಳು ಚಂದನ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಬೇರೆ ಲೋಟ, ಬೇರೆ ಚಾಪೆ. ಒಂಬತ್ತನೇ ಕ್ಲಾಸಿನ ಹುಡುಗಿ. "ಚಿಕ್ಕಪ್ಪ, ನಮ್ಮಮ್ಮ ಮುಟ್ಟಿದ್ದಕ್ಕೆ ನಿಜವಾಗ್ಲೂ ಹುಳ ಸತ್ವಾ? ನಾನು ಆ ಕಡೆ ಹೋದ್ರೂ ಸಾಯ್ತವೆ ಅಂತಾಳೆ" ಎಂದು ಕೇಳಿದಳು. ನಾನು "ಹಂಗಂತಾರೆ ಕಣವ್ವ" ಅಂದೆ. ಹೌದು, ಹನ್ನೆರಡು ವರ್ಷದ ಮೇಲೆ, ಇನ್ನೊಂದು ಸಲ. ಹಾಗಂದವನು ಎದ್ದು ಹೊಲದ ಕಡೆ ನಡೆದೆ, ಅರ್ಧ ದಾರಿಗೇ ನಿಂತೆ.

ತಿರುಗಿ ಬಂದು ಅಣ್ಣನಿಗೆ ಹೇಳಿದೆ, ಎಲ್ಲವನ್ನೂ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ. "ಹಳೇದು ಯಾಕ್ಲಾ ಕೆದುಕ್ತೀಯಾ ಈಗ" ಎಂದು ಎದ್ದು ಹೋದ. ಅವನಿಗೆ ಈ ನಿಜ ಬೇಕಾಗಿರಲಿಲ್ಲ. ಇದು ನಿಜವಾದರೆ, ಹನ್ನೆರಡು ವರ್ಷ ಹೆಂಡತಿಯ ಜೊತೆ ಅವನು ಬದುಕಿದ ರೀತಿ ಏನಾಗಬೇಕು?

ಅತ್ತಿಗೆ ಬಚ್ಚಲ ಹತ್ತಿರ ಇದ್ದರು. ಕಾಲು ಹಿಡಿದುಕೊಂಡು ಹೇಳಿದೆ — ಚಾರ್ಜರು, ಗೋಣಿ, ನನ್ನ ಸುಳ್ಳು. ನೀವು ಫೋನ್ ಮಾಡಿದ್ದಿರಿ, ನೆನಪು ಮಾಡಿಕೊಳ್ಳಿ ಅಂದೆ.

"ಮಾಡಿದ್ನಾ? ಏನೋಪ್ಪ. ಎಲ್ರೂ ಹಂಗಂದ್ಮೇಲೆ ನಂಗೂ ಅದೇ ನೆಪ್ಪಾಗೋದು."

"ಆ ಒಂದು ಸಾಲು ಉಳ್ಕೊಂಡಿತ್ತು ಅತ್ತಿಗೆ! ನಿಮ್ ಕೈಯಿಂದ್ಲೇ ಹಾಕಿದ್ದು. ಕೈಯಿಂದ ಸಾಯಂಗಿದ್ರೆ ಅವೂ ಸಾಯ್ಬೇಕಿತ್ತಲ್ವಾ?"

ಅವರ ಮುಖ ಒಂದು ಕ್ಷಣ ಬೆಳಗಿತು, ಅರ್ಥವಾಯಿತು ಎಂದುಕೊಂಡೆ. "ಹೂಂ ಕಣಪ್ಪ, ಅದು ನೆಪ್ಪೈತೆ" ಅಂದರು. "ತೋಟದಿಂದ ಬಂದೋಳು ಅದುಕ್ ಮುಂಚೆ ಇನ್ನೊಂದ್ ಸಲ ಕೈ ತೊಳ್ಕೊಂಡಿದ್ದೆ. ಅದುಕ್ಕೇ ಉಳ್ಕೊಂಡ್ವು."

ಆಮೇಲೆ ನನ್ನನ್ನು ಎಬ್ಬಿಸಿದರು. "ನನ್ ಸಮಾಧಾನುಕ್ಕೆ ನಿನ್ ಮೇಲೆ ಹಾಕ್ಕೊತಿದೀಯ. ನಿನ್ನಂಥ ಮೈದ ಯಾರ್ಗೂ ಸಿಕ್ಕಲ್ಲ" ಎಂದು ನನ್ನ ತಲೆ ಸವರಲು ಕೈ ಎತ್ತಿದವರು, ಸವರದೆ ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡರು.

ಸುಳ್ಳನ್ನು ಒಂದು ಸಲ ಹೇಳಿದ್ದೆ, ಊರೇ ನಂಬಿತು. ನಿಜವನ್ನು ಆಮೇಲೆ ಎಷ್ಟು ಸಲ ಹೇಳಿದೆನೋ. ಆ ಅಂಗಳದಲ್ಲಿ ಅವತ್ತು ನಿಂತಿದ್ದವರ ಮನೆಮನೆಗೂ ಹೋಗಿ ಹೇಳಿದೆ. ದೊಡ್ಡ ಮನಸ್ಸು ನಿನ್ನದು ಎಂದು ಕಾಫಿ ಕೊಟ್ಟು ಕಳಿಸಿದರು. ಇಲ್ಲಿ ಬರೆಯುತ್ತಿರುವುದೂ ಅದಕ್ಕೇ. ಇನ್ನೂ ಹೇಳುತ್ತಲೇ ಇರುತ್ತೇನೆ, ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ.

ಕೊನೆಗೆ, ಜಗಲಿಯಲ್ಲಿ ಬೇರೆಯಾಗಿಯೇ ಕೂತಿದ್ದ ಚಂದನಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಮ್ಮಂಗೆ ಹೇಳಿದ್ರಾ?"

"ಹೇಳ್ದೆ. ನಂಬ್ನಿಲ್ಲ."

"ನಾನು ನಂಬ್ತೀನಿ" ಅಂದಳು. ಎದ್ದು, ಪಕ್ಕದಲ್ಲಿದ್ದ ತನ್ನ ಬೇರೆ ಲೋಟ ತೆಗೆದುಕೊಂಡು ಒಳಗೆ ಹೋಗಿ ಅಮ್ಮನ ಪಕ್ಕ ಕೂತಳು. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.