ನೌಪಾಡಾದ ಮಂತ್ರಿ

ಮುಂಬೈ ಪಕ್ಕದ ಠಾಣೆ ಪಟ್ಟಣದ ನೌಪಾಡಾದಲ್ಲಿ, ಉಡುಪಿ ಹೋಟೆಲಿನ ಮೂಲೆ ಮೇಜಿನಲ್ಲಿ ಬೆಳಿಗ್ಗೆ ಸಂಕರ್ಷಣ ರಾಯರು ಕೂತರೆಂದರೆ ದರ್ಬಾರು ಶುರುವಾಯಿತೆಂದೇ ಲೆಕ್ಕ. ಮಾಜಿವಾಡಾದಲ್ಲಿ ಫ್ಲ್ಯಾಟು ಕೊಳ್ಳುವವರು, ಸೊಸೈಟಿಯಲ್ಲಿ ಜಗಳವಾಡಿದವರು, ಮೊಣಕಾಲಿನ ಆಪರೇಷನ್ನಿಗೆ ಹೆದರಿದವರು ಎಲ್ಲರೂ ಮೊದಲು ಇಲ್ಲಿಯೇ ಹಾಜರು. ರಾಯರನ್ನು ಕೇಳದೆ ಠಾಣೆಯ ಕನ್ನಡಿಗರು ಲೋಕಲ್ ರೈಲನ್ನೂ ಹತ್ತುವುದಿಲ್ಲವೆಂಬ ಮಾತುಂಟು. ಯಾರಾದರೂ "ಮಂತ್ರಿಗಳೇ" ಎಂದು ಕರೆದರೆ ರಾಯರು ಇಡ್ಲಿ ಮುರಿಯುತ್ತ ಪಾಠ ಶುರುಮಾಡುವರು: "ಮಂತ್ರಿ ಅಂದ್ರೆ ಲಾಲ್‌ಬತ್ತಿ ಕಾರಿನವ ಅಲ್ಲ ಮಾರಾಯ್ರೆ. ಮಂತ್ರ ಅಂದ್ರೆ ಗುಟ್ಟಿನ ಆಲೋಚನೆ. ಅದನ್ನು ಕೇಳಿದವರಿಗೆ ಹೇಳಿ, ಆಮೇಲೆ ಹೊಟ್ಟೆಯಲ್ಲೇ ಇಟ್ಟುಕೊಳ್ಳುವವ ಮಂತ್ರಿ." ಸಪ್ಲೈಯರಿಗೂ ಇದು ಬಾಯಿಪಾಠವಾಗಿದೆ. ಮೊನ್ನೆ ಅದೇ ಮೇಜಿಗೆ ನೆರೆಮನೆಯ ಶ್ರೀಮತಿ ಎಂಬಾಕೆ ಬಂದು, ರಾಯರ ಮಗ ಕಶ್ಯಪನಿಗೆ ತನ್ನ ಮಗಳನ್ನು ಕೊಡಬಹುದೇ ಎಂದು ಕೇಳಿದಳು. "ಹುಡುಗನ ಅಪ್ಪನನ್ನು ಕೇಳ್ತಾ ಇಲ್ಲ, ಮಂತ್ರಿಯನ್ನು ಕೇಳ್ತಾ ಇದ್ದೇನೆ." ರಾಯರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಬೇಡಮ್ಮ. ಅವ ಸಿಟ್ಟು ಬಂದ್ರೆ ಕೈ ಎತ್ತುವವ," ಎಂದರು. ಮರುದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೆಂಡತಿ ಮೋಹಿನಿ, "ನಾನು ಎಷ್ಟು ಆಸೆ ಇಟ್ಕೊಂಡಿದ್ದ ಸಂಬಂಧ! ಶ್ರೀಮತಿ ಯಾಕೆ ಬೇಡ ಅಂದ್ಲೋ, ನಿಮಗೇನಾದ್ರೂ ಗೊತ್ತುಂಟಾ?" ಎಂದಳು. ರಾಯರು ಬಾಳೆಲೆಯಿಂದ ತಲೆ ಎತ್ತದೆ, "ಇನ್ನೊಂದು ಸೌಟು ಸಾರು ಹಾಕು," ಎಂದರು.