ಅಪ್ಪನ ಪಿಕಪ್ಪಿನ ಕುಂಯ್ ಸದ್ದು

ಇವತ್ತು ಸಂಜೆ ಮನೆ ಮುಂದಿನ ಏರು ಹತ್ತುತ್ತಾ ಯಾವುದೋ ಪಿಕಪ್ ಕುಂಯ್ ಎಂದಿತು.

ನಾನು ಚಿಕ್ಕವಳಿದ್ದಾಗ ಸಂಡೂರಿನ ಮರಗಳೂ ಅದಿರಿನ ಧೂಳಿನಿಂದ ಕೆಂಪಾಗಿದ್ದ ಕಾಲ. ಅವ್ವ ತೀರಿಕೊಂಡಿದ್ದಳು. ಅಪ್ಪ ಪಿಕಪ್ಪಿನಲ್ಲಿ ಗಣಿಗೆ ಊಟ ಸಾಗಿಸುತ್ತಿದ್ದ. ಶಾಲೆ ಬಿಟ್ಟು ಬಂದು ಹೊಸ್ತಿಲ ಮೇಲೆ ಒಬ್ಬಳೇ ಕಾಯುತ್ತಿದ್ದ ನನಗೆ ಏರಿನಲ್ಲಿ ಕೇಳುವ ಆ ಕುಂಯ್ ಸದ್ದೇ ಅಪ್ಪ. ಕೇಳಿದೊಡನೆ ಓಡಿಹೋಗಿ ಚಹಾಕ್ಕೆ ನೀರಿಡುತ್ತಿದ್ದೆ.

ಅಪ್ಪನಿಗೆ ಮಾತ್ರ ಅದು ಕೇಳುತ್ತಿರಲಿಲ್ಲ. ಹಿಂದೆ ಮಾಡಿದ ಕಲ್ಲು ಒಡೆಯುವ ಕ್ರಷರ್ ಕೆಲಸ ಅವನ ಕಿವಿ ತಿಂದಿತ್ತು. ಗಾಡಿ ಸದ್ದು ಮಾಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಅದು ಎಂಥ ಸದ್ದೆಂದು ಹೇಳಲು ಗ್ಯಾರೇಜಿಗೆ ನನ್ನನ್ನೂ ಕರೆದೊಯ್ದ.

"ಸಪ್ಪಳ ಯಾವಾಗ ಬರ್ತೈತವ್ವ?" ಮೇಸ್ತ್ರಿ ಕೇಳಿದ.

"ಎಕ್ಸಲೇಟರ್ ಒತ್ತಿದ್ರ ಬರ್ತೈತಿ ಮಾಮಾ, ಬಿಟ್ರ ನಿಲ್ತೈತಿ. ಹಿಂದಿನ ಗಾಲಿ ಕಡಿಂದ."

"ಹಂಗಾದ್ರ ಹಿಂದಿನ ಗೇರು ಸವದಾವ. ಮಗಳ ಕಿವಿ ಭಾಳ ಚುರುಕು ಬಿಡ್ರಿ!" ಎಂದು ಅಪ್ಪನಿಗೆ ಕೂಗಿ ಹೇಳಿದ. ನಾನು ಹಿಗ್ಗಿಹೋದೆ.

ಗಾಡಿ ರಿಪೇರಿಯಾದ ಮರುದಿನ ಏರಿನಲ್ಲಿ ಎಷ್ಟೋ ಗಾಡಿಗಳು ಬಂದವು. ಎಲ್ಲದರ ಸದ್ದೂ ಒಂದೇ. ಅಪ್ಪ ಎದುರು ಬಂದು ನಿಂತು, "ಯಾಕವ್ವ, ಇವತ್ತು ಚಾ ಇಟ್ಟಿಲ್ಲೇನು?" ಎಂದಾಗಲೇ ಅವನು ಬಂದದ್ದು ನನಗೆ ಗೊತ್ತಾಯಿತು.

ಅಪ್ಪ ಹೋಗಿ ವರ್ಷಗಳಾದವು. ಇವತ್ತಿನ ಪಿಕಪ್ ಮನೆ ದಾಟಿ ಹೋಯಿತು. ಒಲೆ ನೋಡಿದರೆ, ಇಬ್ಬರಿಗಾಗುವಷ್ಟು ನೀರಿಟ್ಟಿದ್ದೆ.